ಕಡತದ ಆಯುಸ್ಸು

ಕಚೇರಿಯ ಕಾಗದಗಳ ಕಟ್ಟನ್ನು ನಾವು ಈಗ ‘ಕಡತ’ವೆಂದು ಕರೆಯುತ್ತೇವೆ. ಈ ಶಬ್ದವು ಮೊದಲು ಸಲ್ಲುತ್ತಿದ್ದುದು ಕಾಗದಕ್ಕಲ್ಲ, ಬಟ್ಟೆಗೆ. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶ್ಯಾನುಭೋಗರ ಲೆಕ್ಕ, ಅಂಗಡಿಯವರ ಬಾಕಿ, ಮಠಗಳ ಆಯವ್ಯಯ ಮೊದಲಾದುವು ಇದರಲ್ಲಿಯೇ ಇರುತ್ತಿದ್ದುವು. ಇದರ ವಿಶೇಷಗುಣವೇನೆಂದರೆ, ಬರೆದುದನ್ನು ಒರಸಿ, ಮತ್ತೊಮ್ಮೆ ಕಪ್ಪನ್ನು ಬಳಿದು, ಹೊಸದಾಗಿ ಬರೆಯಬಹುದಾಗಿದ್ದಿತು. ಬಹುಕಾಲ ನಿಲ್ಲಬೇಕಾದುದನ್ನು ನಮ್ಮ ಹಿರಿಯರು ಕಲ್ಲಿನಲ್ಲಿಯೋ ತಾಮ್ರದಲ್ಲಿಯೋ ಕೊರೆಯಿಸಿ, ‘ಆಚಂದ್ರಾರ್ಕ’ವೆಂದು ಅವಧಿಯನ್ನೂ ಅದರಲ್ಲಿಯೇ ಹಾಕಿಸುತ್ತಿದ್ದರು. ಹೀಗೆ ಬರೆಯುವ ವಸ್ತುವನ್ನು ಆರಿಸುವಾಗಲೇ ಬರಹದ ಆಯುಸ್ಸೂ ನಿರ್ಣಯವಾಗಿ ಹೋಗುತ್ತಿದ್ದಿತು. ಕಾಗದವು ಬಂದ ಮೇಲೆ ಈ ಅನುಕೂಲವು ತಪ್ಪಿತು. ಅಡಿಗೆಮನೆಯ ಸಾಮಾನಿನ ಚೀಟಿಯೂ ರಾಜರ ಒಪ್ಪಂದವೂ ಒಂದೇ ಬಗೆಯ ಹಾಳೆಯ ಮೇಲೆ ಕುಳಿತುವು. ಯಾವುದು ಎಷ್ಟು ದಿನ ಇರಬೇಕೆಂಬುದನ್ನು ಬೇರೆಯಾಗಿ ಯೋಚಿಸಬೇಕಾಯಿತು.

ಈ ಮಾತನ್ನು ಇಲ್ಲಿ ಎತ್ತುವುದಕ್ಕೆ ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಲ್ಲಿ, ಅನೇಕ ರಾಷ್ಟ್ರಗಳಲ್ಲಿ ಶಾಖೆಗಳುಳ್ಳ ಒಂದು ಕಂಪೆನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಯುಗಾದಿಗೆ ಊರಿಗೆ ಬಂದಿದ್ದಾಗ, ಅವನ ಕೆಲಸವೇನೆಂದು ಕೇಳಿದೆನು. ಕಂಪೆನಿಯಲ್ಲಿ ಹುಟ್ಟುವ ಕಾಗದಗಳನ್ನೆಲ್ಲ, ಈಗ ಅವು ಬಹುಮಟ್ಟಿಗೆ ಕಂಪ್ಯೂಟರಿನೊಳಗಿನ ಕಾಗದಗಳು, ವರ್ಗವರ್ಗವಾಗಿ ವಿಂಗಡಿಸಿ, ಯಾವ ದೇಶದಲ್ಲಿ ಯಾವ ವರ್ಗದ ಕಾಗದವನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು, ಆ ಬಳಿಕ ಯಾರ ಅಪ್ಪಣೆಯಿಂದ ನಾಶಮಾಡಬೇಕು ಎಂಬುದಕ್ಕೆ ಒಂದು ಪಟ್ಟಿಯನ್ನು ಸಿದ್ಧಪಡಿಸುವುದೇ ಅವನಿಗೆ ಒಪ್ಪಿಸಿದ ಕಾರ್ಯವಂತೆ. “ಇದಕ್ಕಿಂತ ಒಣಗಿದ ಕೆಲಸ ಲೋಕದಲ್ಲಿಲ್ಲ, ಗುರುಗಳೇ” ಎಂದು ನಕ್ಕನು. ನನಗೆ ನಗು ಬರಲಿಲ್ಲ. ಅದೇಕೆಂಬುದನ್ನು ಮುಂದೆ ಅರಿಕೆಮಾಡುತ್ತೇನೆ. ಆ ಪಟ್ಟಿಯನ್ನು ಸೌಕರ್ಯಕ್ಕಾಗಿ ‘ಅವಧಿಪಟ್ಟಿ’ಯೆಂದು ಕರೆಯೋಣ.

ಪಾಠಶಾಲೆಯಲ್ಲಿ ಓದಿದವನಾದುದರಿಂದ ನನ್ನ ಬುದ್ಧಿಯು ಮೊದಲು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಕಡೆಗೆ ಹೋಯಿತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಈ ಸ್ಮೃತಿಗೇ. ಒಡೆಯನು ನೋಡುತ್ತಿದ್ದರೂ ತಡೆಯದೆ ಸುಮ್ಮನಿದ್ದರೆ ಭೂಮಿಯ ವಿಷಯದಲ್ಲಿ ೨೦ ವರ್ಷಕ್ಕೂ, ಇತರ ಧನದ ವಿಷಯದಲ್ಲಿ ೧೦ ವರ್ಷಕ್ಕೂ ಹಾನಿಯುಂಟಾಗುವುದೆಂದು ಅಲ್ಲಿ ಹೇಳಿದೆ. ಪತ್ರವು ಸುಟ್ಟರೆ, ಹರಿದರೆ, ಅಳಿಸಿದರೆ, ಕಳುವಾದರೆ, ದೇಶಾಂತರದಲ್ಲಿ ಉಳಿದುಬಿಟ್ಟರೆ ಬೇರೊಂದನ್ನು ಮಾಡಿಸಬೇಕೆಂದೂ ಹೇಳಿದೆ. ಇವೆರಡಕ್ಕಿಂತಲೂ ನನ್ನನ್ನು ತಡೆದು ನಿಲ್ಲಿಸಿದುದು ಮೂರನೆಯ ವಿಧಿ: ಸಾಲವು ತೀರಿದ ಮೇಲೆ ಸಾಲಪತ್ರವನ್ನು ಹರಿದುಹಾಕಬೇಕು, ಇಲ್ಲವೆ ಋಣವು ಶುದ್ಧವಾಯಿತೆಂದು ಬೇರೆ ಪತ್ರವನ್ನು ಬರೆದುಕೊಡಬೇಕು. ಹರಿಯುವುದು ಇಲ್ಲಿ ಪೆಟ್ಟಿಗೆಯಲ್ಲಿ ಸ್ಥಳವಾಗಲೆಂದಲ್ಲ. ತೀರಿಸಿದವನನ್ನು ಆ ಕಾಗದವು ಮತ್ತೆ ಕಾಡದಿರಲೆಂದು. ಕಾಗದವು ಯಾರ ಪೆಟ್ಟಿಗೆಯಲ್ಲಿದೆಯೋ ಅವನೊಬ್ಬನೇ ಅದಕ್ಕೆ ಬಾಧ್ಯನಲ್ಲ, ಯಾರ ಹೆಸರು ಅದರಲ್ಲಿದೆಯೋ ಅವನೂ ಬಾಧ್ಯನು ಎಂಬ ಭಾವವು ಈ ಚಿಕ್ಕ ವಿಧಿಯೊಳಗೆ ಅಡಗಿದೆ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಬೇಡುತ್ತೇನೆ.

ಇನ್ನು ಕಂಪೆನಿಗಳ ಕಥೆ. ಒಂದು ಊರಿನಲ್ಲಿ ಕುಳಿತು ಹತ್ತಾರು ದೇಶಗಳಲ್ಲಿ ವ್ಯಾಪಾರ ನಡೆಯಿಸಿದ ದೊಡ್ಡ ಕಂಪೆನಿಗಳಲ್ಲಿ ಮೊದಲಿನವು ಎರಡು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿಗೆ ೧೬೦೦ನೆಯ ಇಸವಿಯ ದಶಂಬರ ೩೧ರಲ್ಲಿ ರಾಣಿಯ ಸನ್ನದು ದೊರೆಯಿತು; ಡಚ್ಚರ ಕಂಪೆನಿಯು ೧೬೦೨ರ ಮಾರ್ಚಿ ೨೦ರಲ್ಲಿ ಸ್ಥಾಪಿತವಾಯಿತು. ಅರ್ಧ ಭೂಮಂಡಲದಾಚೆ ಇರುವ ಗುಮಾಸ್ತೆಯನ್ನು ಆಳುವುದಕ್ಕೆ ಅವರಿಗೆ ಇದ್ದುದು ಕಾಗದವೊಂದೇ. ಉತ್ತರವು ಬರುವುದಕ್ಕೆ ವರ್ಷವೂ ಅದಕ್ಕಿಂತ ಹೆಚ್ಚೂ ಹಿಡಿಯುತ್ತಿದ್ದಿತು. ಆದುದರಿಂದ ಎಲ್ಲವನ್ನೂ ಬರೆ, ಎಲ್ಲಕ್ಕೂ ಪ್ರತಿಯನ್ನು ಮಾಡು ಎಂಬುದೇ ಅವರ ಗಾಯತ್ರಿಯಾಯಿತು.

ಡಚ್ಚರ ಕಂಪೆನಿಗೆ ಸ್ವದೇಶದಲ್ಲಿ ಆರು ಶಾಖೆಗಳು, ಮೇಲೆ ಹದಿನೇಳು ಜನ ನಿರ್ದೇಶಕರು. ಏಷ್ಯದ ಕೋಠಿಗಳಿಂದ ಪತ್ರಗಳು ಬಟೇವಿಯಾ ನಗರಕ್ಕೆ ಬಂದು, ಅಲ್ಲಿಯ ಗವರ್ನರ್ ಜನರಲನು ಅವುಗಳ ಸಾರವನ್ನು ಸೇರಿಸಿ ದೊಡ್ಡ ವರದಿಯನ್ನು ಹಾಲೆಂಡಿಗೆ ಕಳುಹಿಸುತ್ತಿದ್ದನು. ಆ ಬಟೇವಿಯಾ ಈಗಿನ ಜಕಾರ್ತ. ಹಾಗೆ ಬಂದ ಪತ್ರಗಳನ್ನು ವರ್ಷವರ್ಷಕ್ಕೆ ಕಟ್ಟಿ ಇಟ್ಟ ಭಾರಿ ಸಂಪುಟಗಳು ಹೇಗ್ ನಗರದಲ್ಲಿ ಇಂದಿಗೂ ಇವೆ. ಹೇಗ್, ಜಕಾರ್ತ, ಕೊಲಂಬೊ, ಚೆನ್ನೈ, ಕೇಪ್‌ಟೌನ್ ಇವುಗಳಲ್ಲಿ ಉಳಿದಿರುವ ಆ ಕಂಪೆನಿಯ ಕಾಗದಗಳು ಒಟ್ಟು ಸುಮಾರು ಎರಡೂವರೆ ಕೋಟಿ ಪುಟಗಳು. ೨೦೦೩ರಲ್ಲಿ ಯುನೆಸ್ಕೋ ಸಂಸ್ಥೆಯು ಇವನ್ನು ಜಗತ್ತಿನ ಸ್ಮೃತಿಯ ಪಟ್ಟಿಗೆ ಸೇರಿಸಿತು. ಆದರೆ ಉಳಿದುದು ಇಷ್ಟೆಂದು ಸಂತೋಷಪಡುವ ಮುನ್ನ, ಹೋದುದು ಎಷ್ಟೆಂಬುದನ್ನೂ ನೋಡಬೇಕು. ಕಂಪೆನಿಯು ೧೭೯೯ರ ಕೊನೆಗೆ ಮುಗಿದುಹೋದ ಮೇಲೆ ಅದರ ಕಾಗದಗಳಿಗೆ ಒಡೆಯರಿಲ್ಲದಂತಾಗಿ, ರಾಶಿರಾಶಿಯಾಗಿ ರದ್ದಿಗೆ ಹೋದುವು. ಆರು ಶಾಖೆಗಳಲ್ಲಿ ಆಮ್ಸ್ಟರ್‌ಡಾಂ, ಝೀಲೆಂಡ್ ಎಂಬೆರಡರ ಸಂಗ್ರಹಗಳು ಚೆನ್ನಾಗಿ ಉಳಿದುವು. ಮಿಕ್ಕ ನಾಲ್ಕರ ಪಾಲು ಅಲ್ಲೊಂದು ಇಲ್ಲೊಂದು.

ಈ ನಾಶದ ನಡುವೆ ಒಂದು ಬಗೆಯ ಪುಸ್ತಕಗಳು ಮಾತ್ರ ಆಶ್ಚರ್ಯವೆನ್ನುವಷ್ಟು ಪೂರ್ಣವಾಗಿ ಉಳಿದುವು. ಅವು ಹಡಗಿನವರ ಸಂಬಳದ ಲೆಕ್ಕದ ಪುಸ್ತಕಗಳು. ಹಡಗೊಂದಕ್ಕೆ ಒಂದು ಪುಸ್ತಕ. ಅದರಲ್ಲಿ ಪ್ರತಿಯೊಬ್ಬ ಖಲಾಸಿಗೂ ಸಿಪಾಯಿಗೂ ಬಡಗಿಗೂ ಬೇರೆಬೇರೆ ಲೆಕ್ಕ. ಒಂದು ಪಾರ್ಶ್ವದಲ್ಲಿ ಅವನ ಸಾಲ, ಮತ್ತೊಂದರಲ್ಲಿ ಅವನಿಗೆ ಸಲ್ಲಬೇಕಾದ ಸಂಬಳ. ಹೆಸರು, ಹುಟ್ಟಿದೂರು, ಹುದ್ದೆ, ಕೊನೆಗೆ ಅವನೇನಾದನೆಂಬುದು. ಮನೆಯವರಿಗೆ ವರ್ಷಕ್ಕೆ ಮೂರು ತಿಂಗಳವರೆಗಿನ ಸಂಬಳವನ್ನು ಕೊಡಿಸುವ ಪತ್ರವನ್ನು ಅವನು ಹೊರಡುವಾಗ ಬರೆದಿಟ್ಟಿರಬಹುದು. ಆಗ ಹೆಂಡತಿಯೋ ತಾಯಿಯೋ ಅದನ್ನು ಹಿಡಿದು ಕಂಪೆನಿಯ ಬಾಗಿಲಿಗೆ ಬರುತ್ತಿದ್ದಳು. ಎರಡು ಶತಮಾನಗಳಲ್ಲಿ ಹತ್ತು ಲಕ್ಷದ ಹತ್ತಿರ ಜನರು ಆ ಹಡಗುಗಳಲ್ಲಿ ಹೋದರು. ಮರಳಿದವರು ಸುಮಾರು ಮೂರರಲ್ಲೊಂದು ಪಾಲು. ಸತ್ತವರ ಬಾಕಿಯನ್ನು ಕೇಳಲು ವಾರಸುದಾರರು ಎಷ್ಟೋ ವರ್ಷಗಳ ಮೇಲೆ ಬರುವುದುಂಟು. ಹಾಗೆ ಯಾರಾದರೂ ಬಂದಾರೆಂಬ ಕಾರಣದಿಂದ ಪುಸ್ತಕವನ್ನು ಬಿಸಾಡುವಂತಿರಲಿಲ್ಲ. ಇಂದು ಅದೇ ಪುಸ್ತಕಗಳಿಂದ ಏಳು ಲಕ್ಷಕ್ಕೂ ಮೀರಿದ ಹೆಸರುಗಳನ್ನು ಎತ್ತಿ ಬರೆದಿದ್ದಾರೆ. ಮಹಾರಾಜರ ಚರಿತ್ರೆಯನ್ನು ಕಂಠಪಾಠ ಮಾಡಿಸಿದ ನನಗೆ, ಹೆಸರಿಲ್ಲದ ಖಲಾಸಿಯ ಚರಿತ್ರೆಯು ಹೀಗೆ ಒಬ್ಬ ವಿಧವೆಯ ಹಕ್ಕಿನಿಂದ ಉಳಿಯಿತೆಂಬುದು ದೊಡ್ಡ ಪಾಠವಾಯಿತು.

ಇಂಗ್ಲಿಷರ ಕಂಪೆನಿಯಲ್ಲಿ ಪ್ರತಿಯೊಂದು ಕೋಠಿಯೂ ದಿನಚರಿಯನ್ನೂ ಆಲೋಚನಾಸಭೆಯ ನಡವಳಿಯನ್ನೂ ಇಟ್ಟು, ಅದರ ಪ್ರತಿಯನ್ನು ಲಂಡನ್ನಿಗೆ ಕಳುಹಿಸಬೇಕಾಗಿದ್ದಿತು. ಒಂದು ಹಡಗು ಮುಳುಗಿದರೂ ಸುದ್ದಿಯು ತಲಪಲೆಂದು ಅದೇ ಪತ್ರದ ಎರಡು ಮೂರು ಪ್ರತಿಗಳನ್ನು ಬೇರೆಬೇರೆ ಹಡಗುಗಳಲ್ಲಿ ಹಾಕುತ್ತಿದ್ದರು. ಲೆಡನ್‌ಹಾಲ್ ಬೀದಿಯ ಅವರ ಕಚೇರಿಯಲ್ಲಿ ಇವೆಲ್ಲ ಬಂದು ಬೀಳುತ್ತಿದ್ದುವು. ಕಂಪೆನಿಗೆ ತನ್ನ ಕಾಗದಗಳ ಬೆಲೆಯು ತಿಳಿಯದೆ ಇರಲಿಲ್ಲ. ೧೭೬೯ರಲ್ಲಿ ರಾಬರ್ಟ್ ಓರ್ಮ್ ಎಂಬುವನನ್ನು ತನ್ನ ಇತಿಹಾಸಕಾರನನ್ನಾಗಿ ನೇಮಿಸಿತು. ೧೮೦೧ರಲ್ಲಿ ಪುಸ್ತಕಭಂಡಾರಕ್ಕೆ ಚಾರ್ಲ್ಸ್ ವಿಲ್ಕಿನ್ಸನನ್ನು ತಂದಿತು. ಭಗವದ್ಗೀತೆಯನ್ನು ೧೭೮೫ರಲ್ಲಿ ಮೊದಲು ಇಂಗ್ಲಿಷಿಗೆ ತಂದ ವಿಲ್ಕಿನ್ಸನು ಇವನೇ.

ಇಂತಿರಲು ೧೮೫೮ರಲ್ಲಿ ರಾಜ್ಯಭಾರವು ಕಂಪೆನಿಯ ಕೈಯಿಂದ ಇಂಗ್ಲೆಂಡಿನ ಸಿಂಹಾಸನಕ್ಕೆ ಹೋಯಿತು. ೧೮೬೦ರಲ್ಲಿ ಹೊಸ ಇಲಾಖೆಯು ಹಳೆಯ ಮನೆಯನ್ನು ಬಿಟ್ಟು ಒಂದು ಬಾಡಿಗೆಯ ಜಾಗಕ್ಕೆ ಬಂದಿತು. ತನ್ನ ಸ್ವಂತ ಕಟ್ಟಡಕ್ಕೆ ಹೋದುದು ೧೮೬೭ರಲ್ಲಿ. ಮನೆಯನ್ನು ಬದಲಾಯಿಸಿದ ಯಾವ ಗೃಹಸ್ಥನಿಗೂ ಆಗ ನಡೆಯುವುದೇನೆಂಬುದು ಗೊತ್ತಿದೆ. ಅಟ್ಟದ ಮೇಲಿನದು ಮೊದಲು ಹೋಗುತ್ತದೆ. ಎರಡೂವರೆ ಶತಮಾನಗಳ ಕಾಗದಗಳಲ್ಲಿ ನೂರಾರು ಟನ್ನುಗಳಷ್ಟನ್ನು ಕಾಗದ ತಯಾರಿಸುವವರಿಗೆ ಮಾರಿ, ಅರೆದು ಮುದ್ದೆಮಾಡಿಸಿದರು. ಕಂಪೆನಿಯ ಸಮುದ್ರಸೇನೆಯ ಹಳೆಯ ದಾಖಲೆಗಳಿಗೂ ಇದೇ ಗತಿಯಾಯಿತೆಂದು, ೧೮೭೭ರಲ್ಲಿ ಆ ಸೇನೆಯ ಚರಿತ್ರೆಯನ್ನು ಪ್ರಕಟಿಸಿದ ಲೋ ಎಂಬುವನು ಮರುಗಿದ್ದಾನೆ. ಈ ನಾಶವನ್ನು ಮಾಡಿದವರು ಮೂರ್ಖರಲ್ಲ, ದುರ್ಜನರೂ ಅಲ್ಲ. ಅವರು ಕೇಳಿಕೊಂಡ ಪ್ರಶ್ನೆಗಳು ಎರಡು: ಸ್ಥಳವೆಲ್ಲಿದೆ? ಹೊಸ ಸರಕಾರದ ಕೆಲಸಕ್ಕೆ ಇದು ಬೇಕೆ? ಈ ಎರಡಕ್ಕೂ ಅವರು ಸರಿಯಾದ ಉತ್ತರವನ್ನೇ ಕೊಟ್ಟುಕೊಂಡರು. ಮೂರನೆಯ ಪ್ರಶ್ನೆಯನ್ನು ಕೇಳುವವರು ಆ ಕೊಠಡಿಯಲ್ಲಿ ಇರಲಿಲ್ಲ.

ಮುಂದೆ ಬರ್ಡ್‌ವುಡ್ ಮೊದಲಾದ ಕೆಲವರು ಉಳಿದುದನ್ನು ಹುಡುಕಿ ಒಪ್ಪವಾಗಿರಿಸಿದರು. ವಿಲಿಯಂ ಫಾಸ್ಟರನು ೧೬೧೮ರಿಂದ ೧೬೬೯ರವರೆಗಿನ ಕೋಠಿಗಳ ಪತ್ರಗಳನ್ನು ೧೩ ಸಂಪುಟಗಳಲ್ಲಿ ಅಚ್ಚುಮಾಡಿಸಿದನು. ನಮ್ಮ ಕಾರವಾರದ ಮೆಣಸಿನ ವ್ಯಾಪಾರದ ಮಾತನ್ನು ಈಗ ಯಾರು ಬರೆದರೂ ಆ ಸಂಪುಟಗಳನ್ನು ತೆರೆಯದೆ ವಿಧಿಯಿಲ್ಲ. ೧೯೮೨ರಲ್ಲಿ ಬ್ರಿಟಿಷ್ ಲೈಬ್ರರಿಯ ವಶಕ್ಕೆ ಬಂದ ಈ ಸಂಗ್ರಹವು ಸುಮಾರು ೧೪ ಕಿಲೋಮೀಟರ್ ಉದ್ದದ ಕಪಾಟುಗಳನ್ನು ತುಂಬಿದೆ. ಅದರಲ್ಲಿ ಕಂಪೆನಿಯ ವ್ಯಾಪಾರದ ಹಡಗುಗಳ ದಿನಚರಿಗಳೂ ಇವೆ. ಗಾಳಿಯು ಯಾವ ದಿಕ್ಕಿನಿಂದ ಎಷ್ಟು ಬಲವಾಗಿ ಬೀಸಿತು, ಉಷ್ಣವೆಷ್ಟು, ವಾಯುವಿನ ಒತ್ತಡವೆಷ್ಟು ಎಂದು ಕಪ್ತಾನನು ದಿನದಿನವೂ ಬರೆದಿದ್ದಾನೆ. ಯಾತ್ರೆಯು ಮುಗಿದು ಸರಕು ಮಾರಾಟವಾದ ಮೇಲೆ ಇದಕ್ಕಿಂತ ನಿಷ್ಪ್ರಯೋಜಕವಾದ ಪುಸ್ತಕವು ಬೇರೊಂದುಂಟೆ? ಆದರೆ ೧೭೮೯ರಿಂದ ೧೮೩೪ರವರೆಗಿನ ೯೦೦ಕ್ಕೆ ಸ್ವಲ್ಪ ಕಡಮೆಯಾದ ದಿನಚರಿಗಳಿಂದ ಎರಡೂವರೆ ಲಕ್ಷಕ್ಕೂ ಹೆಚ್ಚಿನ ಹವೆಯ ಅಂಕಿಗಳನ್ನು ಎತ್ತಿಕೊಂಡು, ಭೂಮಿಯ ಹವೆಯು ಬದಲಾದುದನ್ನು ಇಂದಿನ ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಈ ಉಪಯೋಗವನ್ನು ಮುಂದಾಗಿ ಕಂಡು ಉಳಿಸಿದವರು ಒಬ್ಬರೂ ಇಲ್ಲ.

ನಮ್ಮ ದೇಶದಲ್ಲಿ ಇದೇ ಸಮಯದಲ್ಲಿ ಒಂದು ವಿಚಿತ್ರವು ನಡೆಯಿತು. ೧೮೬೦ರಲ್ಲಿ ಸ್ಯಾಂಡಿಮನ್ ಎಂಬ ಲೆಕ್ಕಪರೀಕ್ಷಕನು ಕಲ್ಕತ್ತೆಯಲ್ಲಿ ಸರಕಾರಕ್ಕೆ ವರದಿಮಾಡುತ್ತ, ಕಚೇರಿಗಳಲ್ಲಿ ಕಾಗದಗಳು ಕಿಕ್ಕಿರಿದಿವೆ, ದಿನವಹಿಯ ಸಾಮಾನ್ಯ ಕಾಗದಗಳನ್ನು ನಾಶಮಾಡಿ, ಬೆಲೆಯುಳ್ಳವನ್ನು ಒಂದು ಕೇಂದ್ರಭಂಡಾರಕ್ಕೆ ಸಾಗಿಸಬೇಕೆಂದು ಸೂಚಿಸಿದನು. ೧೮೬೧ರಲ್ಲಿ ಇದಕ್ಕಾಗಿ ಒಂದು ಸಮಿತಿಯೂ ಆಯಿತು. ಮೂವತ್ತು ವರ್ಷಗಳ ತರುವಾಯ, ೧೮೯೧ರ ಮಾರ್ಚಿ ೧೧ರಲ್ಲಿ, ಫಾರೆಸ್ಟನ ಕೈಕೆಳಗೆ ಕಲ್ಕತ್ತೆಯಲ್ಲಿ ಸ್ಥಾಪಿತವಾದ ದಾಖಲೆಗಳ ಇಲಾಖೆಯೇ ಇಂದು ದೆಹಲಿಯಲ್ಲಿರುವ ರಾಷ್ಟ್ರೀಯ ಪತ್ರಾಗಾರ. ಸುಡುವ ಸಲಹೆಯೂ ಉಳಿಸುವ ಸಲಹೆಯೂ ಒಬ್ಬನ ಬಾಯಿಂದ ಒಂದೇ ವಾಕ್ಯದಲ್ಲಿ ಬಂದುವು. ಇದರಲ್ಲಿ ವಿರೋಧವಿಲ್ಲ. ಎಲ್ಲವನ್ನೂ ಇಟ್ಟುಕೊಂಡವನು ಬೇಕಾದಾಗ ಯಾವುದನ್ನೂ ಹುಡುಕಿ ತೆಗೆಯಲಾರನು.

ಸ್ವಂತದ ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಉಳಿದುದನ್ನು ಹೇಳುವ ಅಧಿಕಾರವು ನನಗಿಲ್ಲ. ನಾನು ಮುಖ್ಯೋಪಾಧ್ಯಾಯನಾಗಿದ್ದ ಒಂದು ಶಾಲೆಯಲ್ಲಿ ಮಳೆಗಾಲಕ್ಕೆ ಮುಂಚೆ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡಿದೆವು. ಮಕ್ಕಳನ್ನು ಸೇರಿಸಿಕೊಳ್ಳುವಾಗ ಬರೆಯುವ ದಾಖಲಾತಿಯ ಪುಸ್ತಕವು ಶಾಶ್ವತ. ಹಾಜರಿಯ ಪುಸ್ತಕಗಳಿಗೆ ಅಷ್ಟು ಆಯುಸ್ಸಿಲ್ಲ. ಪಟ್ಟಿಯಂತೆ ನಡೆದು, ಪಟ್ಟಿಯ ಕೆಳಗೆ ರುಜುಹಾಕಿದೆನು. ಮುಂದಿನ ವರ್ಷ, ನಾಲ್ಕನೆಯ ತರಗತಿಗೇ ಓದನ್ನು ಬಿಟ್ಟಿದ್ದ ಒಬ್ಬ ಹೆಂಗಸು ಮುಪ್ಪಿನ ವೇತನಕ್ಕಾಗಿ ವಯಸ್ಸಿನ ದಾಖಲೆಯನ್ನು ಕೇಳಿಕೊಂಡು ಬಂದಳು. ಶಾಶ್ವತವೆಂದು ಇಟ್ಟಿದ್ದ ಪುಸ್ತಕವನ್ನು ತೆರೆದರೆ ಆ ವರ್ಷದ ಹಾಳೆಗಳನ್ನು ಗೆದ್ದಲು ತಿಂದಿದ್ದಿತು. ಆಕೆಯ ಹೆಸರೂ ವಯಸ್ಸೂ ಇದ್ದ ಎರಡನೆಯ ಪುಸ್ತಕವೆಂದರೆ ಆ ವರ್ಷದ ಹಾಜರಿ. ಅದನ್ನು ನಾನೇ ಒಲೆಗೆ ಕಳುಹಿಸಿದ್ದೆನು. “ನಾನು ಇಲ್ಲಿ ಓದಿದ್ದು ಸುಳ್ಳಲ್ಲವಲ್ಲ, ಸ್ವಾಮಿ?” ಎಂದಷ್ಟೇ ಕೇಳಿದಳು. ನಾನು ನಿಯಮವನ್ನು ಮೀರಿರಲಿಲ್ಲ. ಆಕೆಯನ್ನು ವೈದ್ಯರ ಬಳಿಗೂ ತಾಲ್ಲೂಕು ಕಚೇರಿಗೂ ಅಲೆಯಿಸಿದ ಬಳಿಕ ಕೆಲಸವು ಹೇಗೋ ಆಯಿತು. ಆದರೂ ಆ ರುಜು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ನಿಯಮದಂತೆ ನಡೆದೂ ಹಾಳಾದವರ ಕಥೆಯೊಂದು ದೊಡ್ಡ ಪ್ರಮಾಣದಲ್ಲಿ ಅಮೆರಿಕದಲ್ಲಿ ನಡೆದುದನ್ನು ನನ್ನ ಶಿಷ್ಯನೇ ಹೇಳಿದನು. ಆಮೇಲೆ ಓದಿ ತಿಳಿದುಕೊಂಡೆನು. ಆರ್ಥರ್ ಆಂಡರ್ಸನ್ ಎಂಬ ಲೆಕ್ಕಪರಿಶೋಧಕರ ಸಂಸ್ಥೆಯು ೧೯೧೩ರಲ್ಲಿ ಷಿಕಾಗೋ ನಗರದಲ್ಲಿ ಹುಟ್ಟಿ, ಲೋಕದಲ್ಲೆಲ್ಲ ಹರಡಿ, ೮೫,೦೦೦ ಜನರಿಗೆ ಉದ್ಯೋಗವನ್ನು ಕೊಟ್ಟಿದ್ದಿತು. ಅದು ಲೆಕ್ಕ ನೋಡುತ್ತಿದ್ದ ಎನ್ರಾನ್ ಎಂಬ ಕಂಪೆನಿಯು ೨೦೦೧ರ ದಶಂಬರ ೨ರಲ್ಲಿ ದಿವಾಳಿಯನ್ನು ಸಾರಿತು. ಅದಕ್ಕೆ ಮುಂಚೆ, ಅಕ್ಟೋಬರ ೧೨ರಲ್ಲಿ, ಸಂಸ್ಥೆಯ ವಕೀಲರಿಂದ ಸಂಸ್ಥೆಯ ಹೂಸ್ಟನ್ನಿನ ಕಚೇರಿಗೆ ಒಂದು ಸೂಚನೆಯು ಹೋಗಿದ್ದಿತು: ನಮ್ಮಲ್ಲಿ ಕಾಗದಗಳ ಅವಧಿಯ ನಿಯಮವಿದೆ, ಅದನ್ನು ಜ್ಞಾಪಿಸಿಕೊಳ್ಳಿರೆಂದು. ಸರಕಾರದ ವಿಚಾರಣೆಯು ಬರುವುದೆಂಬ ಗಾಳಿಯು ಬೀಸುತ್ತಿದ್ದ ದಿನಗಳವು. ಆ ತಿಂಗಳ ಕೊನೆಯ ವಾರದಿಂದ ನವಂಬರದ ಮೊದಲ ಭಾಗದವರೆಗೆ ಹೂಸ್ಟನ್ನಿನ ಕಚೇರಿಯಲ್ಲಿ ಕಾಗದಗಳನ್ನು ರಾಶಿರಾಶಿಯಾಗಿ ಚೂರುಮಾಡಿದರು. ನಿಯಮವು ಹಳೆಯದೇ, ಅದರ ನೆನಪು ಮಾತ್ರ ಹೊಸದು. ೨೦೦೨ರ ಜೂನಿನಲ್ಲಿ ನ್ಯಾಯಸ್ಥಾನವು ಸಂಸ್ಥೆಯನ್ನು ಅಪರಾಧಿಯೆಂದಿತು. ೨೦೦೫ರ ಮೇ ೩೧ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಜೂರಿಗಳಿಗೆ ಕೊಟ್ಟ ಸೂಚನೆಯು ಸರಿಯಾಗಿರಲಿಲ್ಲವೆಂದು, ಆ ತೀರ್ಪನ್ನು ಏಕಮತದಿಂದ ರದ್ದುಮಾಡಿತು. ಅಷ್ಟು ಹೊತ್ತಿಗೆ ಗಿರಾಕಿಗಳೆಲ್ಲ ಬಿಟ್ಟುಹೋಗಿ ಸಂಸ್ಥೆಯೇ ಉಳಿದಿರಲಿಲ್ಲ. ೨೦೦೨ರ ಜುಲೈ ತಿಂಗಳಲ್ಲಿಯೇ ಅಮೆರಿಕದವರು ಹೊಸ ಕಾಯಿದೆಯನ್ನು ಮಾಡಿ, ವಿಚಾರಣೆಯನ್ನು ತಪ್ಪಿಸುವುದಕ್ಕಾಗಿ ಕಾಗದವನ್ನು ನಾಶಮಾಡಿದವರಿಗೆ ೨೦ ವರ್ಷಗಳವರೆಗೆ ಸೆರೆಮನೆಯನ್ನು ವಿಧಿಸಿದರು.

ಆದುದರಿಂದಲೇ ಈಗ ದೊಡ್ಡ ಕಂಪೆನಿಗಳಲ್ಲಿ ಅವಧಿಪಟ್ಟಿಗೆ ಒಂದು ತಡೆಯನ್ನೂ ಜೋಡಿಸಿರುತ್ತಾರೆ. ವ್ಯಾಜ್ಯದ ಸುಳಿವು ಸಿಕ್ಕಿದ ಕೂಡಲೆ, ಅವಧಿಯು ತೀರಿದ ಕಾಗದವನ್ನೂ ಮುಟ್ಟಕೂಡದು. ಇದು ಸುಲಭ. ಕಷ್ಟವಿರುವುದು ದೇಶದೇಶಗಳ ವಿಧಿಗಳು ಒಂದನ್ನೊಂದು ಅಡ್ಡಗಟ್ಟುವಲ್ಲಿ. ನಮ್ಮ ೨೦೧೩ರ ಕಂಪೆನಿಗಳ ಕಾಯಿದೆಯು ಲೆಕ್ಕದ ಪುಸ್ತಕಗಳನ್ನು ೮ ವರ್ಷ ಇಡಬೇಕೆನ್ನುತ್ತದೆ. ಜರ್ಮನಿಯ ವಾಣಿಜ್ಯಶಾಸನವು ೧೦ ವರ್ಷವೆನ್ನುತ್ತದೆ. ಇಂಗ್ಲೆಂಡಿನಲ್ಲಿ ಖಾಸಗಿ ಕಂಪೆನಿಗೆ ೩, ಸಾರ್ವಜನಿಕ ಕಂಪೆನಿಗೆ ೬. ಅತ್ತ ೨೦೧೮ರ ಮೇ ತಿಂಗಳಿಂದ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ವಿಧಿಯು, ಮನುಷ್ಯನ ಹೆಸರು ವಿವರಗಳುಳ್ಳ ದಾಖಲೆಯನ್ನು ಯಾವ ಕಾರ್ಯಕ್ಕೆ ತೆಗೆದುಕೊಂಡಿರೋ ಆ ಕಾರ್ಯವು ತೀರಿದ ಮೇಲೆ ಇಟ್ಟುಕೊಳ್ಳಕೂಡದೆನ್ನುತ್ತದೆ. ಇದನ್ನು ಶಿಷ್ಯನು ಬಹಳ ಹೊಸದೆಂಬಂತೆ ಹೇಳಿದನು. ಸಾಲವು ತೀರಿದ ಮೇಲೆ ಪತ್ರವನ್ನು ಹರಿಯೆಂಬ ವಿಧಿಯನ್ನು ನಾನು ಅವನಿಗೆ ಹೇಳಿದೆನು; ಅವನು ಅದನ್ನು ತನ್ನ ಫೋನಿನಲ್ಲಿ ಬರೆದುಕೊಂಡನು. ಗುರುದಕ್ಷಿಣೆಯು ಇಷ್ಟು ತಡವಾಗಿಯಾದರೂ ಬಂದಿತಲ್ಲ!

ಹಾಗಾದರೆ ಬೇಗ ಹರಿಯುವುದೇ ಧರ್ಮವೆ? ಹಡಗಿನ ವಿಧವೆಯು ಅದಕ್ಕೆ ಅಡ್ಡ ನಿಲ್ಲುತ್ತಾಳೆ. ಕೆಲಸಗಾರರ ಆರೋಗ್ಯದ ಕಾಗದಗಳನ್ನು ನೋಡಿರಿ. ಕಲ್ನಾರಿನ ಧೂಳು ಎದೆಯನ್ನು ಸೇರಿದರೆ ರೋಗವು ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ಕೆಲವು ವೇಳೆ ನಲವತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಅವನು ಕೆಲಸವನ್ನು ಬಿಟ್ಟಿರುತ್ತಾನೆ, ಕಾರ್ಖಾನೆಯು ಮುಚ್ಚಿರುತ್ತದೆ. ಯಾವ ವರ್ಷ ಯಾವ ಕೊಠಡಿಯಲ್ಲಿ ಎಷ್ಟು ಧೂಳಿತ್ತೆಂಬ ಪುಸ್ತಕವೊಂದೇ ಅವನಿಗೆ ಸಾಕ್ಷಿ. ಅದು ಇರುವುದೂ ಅವನು ಯಾರ ಮೇಲೆ ದೂರಬೇಕೋ ಅವರ ಕೈಯಲ್ಲಿ. ಆ ಪುಸ್ತಕವನ್ನು ತಾವಾಗಿ ಇಟ್ಟುಕೊಂಡಾರೆಂದು ನಂಬದೆ ಅಮೆರಿಕದ ವಿಧಿಯು, ಅಪಾಯದ ವಸ್ತುಗಳ ಸೋಂಕಿನ ದಾಖಲೆಯನ್ನು ೩೦ ವರ್ಷ, ವೈದ್ಯಕೀಯ ದಾಖಲೆಯನ್ನು ಉದ್ಯೋಗದ ಕಾಲವೂ ಅದರ ಮೇಲೆ ೩೦ ವರ್ಷವೂ ಇಡಬೇಕೆಂದು ಕಟ್ಟುಮಾಡಿದೆ. ಇಂಗ್ಲೆಂಡಿನಲ್ಲಿ ಇಂತಹ ಆರೋಗ್ಯದಾಖಲೆಗೆ ೪೦ ವರ್ಷ.

ಇದನ್ನು ಮಾತನಾಡುತ್ತಿರುವಾಗ ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಾದನು. ಅವನ ಕಂಪೆನಿಯು ಒಂದು ದೇಶದಲ್ಲಿ ಬಣ್ಣದ ಕಾರ್ಖಾನೆಯೊಂದನ್ನು ಮುಚ್ಚಿದೆಯಂತೆ. ಅಲ್ಲಿಯ ಗಾಳಿಯನ್ನು ಅಳೆದ ಪುಸ್ತಕಗಳಿಗೆ ಇಷ್ಟೇ ವರ್ಷವೆಂದು ಆ ದೇಶದ ಕಾಯಿದೆಯು ಹೇಳುವುದಿಲ್ಲವಂತೆ. ಕಾಯಿದೆಯು ಹೇಳದೆಡೆಯಲ್ಲಿ ೭ ವರ್ಷವೆಂದು ಹಾಕುವುದು ಅವರ ಕಚೇರಿಯ ವಾಡಿಕೆ. ಅವನೂ ಹಾಗೆಯೇ ಹಾಕಿದ್ದನು.

ಬೆಂಗಳೂರಿಗೆ ಹೋದ ಎರಡು ವಾರಗಳ ಮೇಲೆ ಅವನ ಪತ್ರವು ಬಂದಿತು. ಆ ಸಾಲಿನಲ್ಲಿ ೭ನ್ನು ಹೊಡೆದು ೪೦ ಎಂದು ಬರೆದು, ಪಕ್ಕದಲ್ಲಿ ಒಂದು ಹೊಸ ಕಲಮನ್ನು ಎಳೆದು, ‘ಈ ಕಾಗದದಲ್ಲಿ ಹೆಸರಿರುವವರು ಯಾರು?’ ಎಂದು ತಲೆಬರಹ ಕೊಟ್ಟು ಮೇಲಿನವರಿಗೆ ಕಳುಹಿಸಿದ್ದಾನೆ. ಅವರು ಇನ್ನೂ ಒಪ್ಪಿಗೆಯನ್ನು ಕೊಟ್ಟಿಲ್ಲ. ಅಷ್ಟು ವರ್ಷ ಇಡುವುದಕ್ಕೆ ತಗಲುವ ಖರ್ಚೆಷ್ಟೆಂದು ಕೇಳಿದ್ದಾರೆ.